ಅಂಕಪಟ್ಟಿಯಲ್ಲಿಲ್ಲದ ಕಾಲಂ

ಮಂಡ್ಯದ ಒಂದು ಅಧ್ಯಯನ ಕೇಂದ್ರದಲ್ಲಿ ನಾನು ಭಾನುವಾರಗಳಂದು ಸಮಾಜಶಾಸ್ತ್ರ ಪಾಠ ಮಾಡುತ್ತೇನೆ. ನನ್ನೆದುರು ಕೂರುವವರು ಹದಿನೆಂಟರ ಹುಡುಗ ಹುಡುಗಿಯರಲ್ಲ. ಪಿಯುಸಿ ಮುಗಿದ ಕೂಡಲೇ ಮದುವೆಯಾಗಿ, ಮಗನನ್ನು ಹೈಸ್ಕೂಲಿಗೆ ಸೇರಿಸಿದ ಮೇಲೆ ತಾವೂ ಬಿ.ಎ.ಗೆ ಅರ್ಜಿ ಹಾಕಿದ ತಾಯಂದಿರು, ಅಂಗನವಾಡಿ ಕಾರ್ಯಕರ್ತೆಯರು, ವಾರದ ಆರು ದಿನ ಗಾರ್ಮೆಂಟ್ಸಿನಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತು ಏಳನೆಯ ದಿನ ನನ್ನ ತರಗತಿಗೆ ಬರುವವರು, ಬಸ್ ಕಂಡಕ್ಟರುಗಳು, ಹಾಲಿನ ಡೈರಿಯ ಕಾರ್ಯದರ್ಶಿಗಳು. 2022ರಲ್ಲಿ, ಇವರಲ್ಲಿ ಕೆಲವರ ಶುಲ್ಕ ಕಟ್ಟುತ್ತಿದ್ದ ಒಂದು ಟ್ರಸ್ಟಿನವರು ನನ್ನನ್ನು ಕರೆಸಿ, ಪಾಸಾದವರ ಶೇಕಡಾವಾರು ತಮಗೆ ಬೇಡ, ಈ ಓದಿನಿಂದ ಇವರ ಬದುಕಿನಲ್ಲಿ ಏನು ಬದಲಾಯಿತು ಎಂಬುದನ್ನು ಅಳೆದು ಕೊಡಬಹುದೇ ಎಂದು ಕೇಳಿದರು.

ಕೇಳಿದ ಕೂಡಲೇ ಒಪ್ಪಿಕೊಂಡೆ. ಅದಕ್ಕೆ ಮನೆಯೊಳಗಿನ ಕಾರಣವೂ ಇತ್ತು. ಮೈಸೂರು ವಿಶ್ವವಿದ್ಯಾನಿಲಯವು 1969–70ರ ಹೊತ್ತಿಗೆ ಅಂಚೆ ಮತ್ತು ತೆರಪಿನ ಶಿಕ್ಷಣವನ್ನು ಆರಂಭಿಸಿತ್ತು. 1996ರಲ್ಲಿ ಅದರ ಬುಡದಿಂದಲೇ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಹುಟ್ಟಿ, ‘ಉನ್ನತ ಶಿಕ್ಷಣ ಎಲ್ಲರಿಗೂ ಎಲ್ಲೆಡೆ’ ಎಂಬ ಮಾತನ್ನು ತನ್ನ ಧ್ಯೇಯವಾಗಿಸಿಕೊಂಡಿತು. ನಮ್ಮಣ್ಣ ಆ ಮೊದಲ ಕಾಲದಲ್ಲಿ ಅಂಚೆಯಲ್ಲಿ ಬರುತ್ತಿದ್ದ ಪಾಠಗಳನ್ನು ಓದಿ ಬಿ.ಎ. ಮಾಡಿದವನು. ಬಂದದ್ದು ತೃತೀಯ ದರ್ಜೆ. ಸಂಬಳ ಏರಲಿಲ್ಲ, ಹುದ್ದೆಯೂ ಬದಲಾಗಲಿಲ್ಲ. ಆದರೆ ನಮ್ಮ ಬೀದಿಯವರು ನಲ್ಲಿ ಸಂಪರ್ಕಕ್ಕೆ, ವಿಧವಾ ವೇತನಕ್ಕೆ ಅರ್ಜಿ ಬರೆಸಿಕೊಳ್ಳಲು ಅವನಲ್ಲಿಗೆ ಬರತೊಡಗಿದರು, ಕೆಲವು ವರ್ಷಗಳಲ್ಲಿ ಅವನು ಬರೆದುಕೊಡುವುದನ್ನು ಬಿಟ್ಟು, ಬಂದವರನ್ನು ಜಗುಲಿಯ ಮೇಲೆ ಕೂರಿಸಿ ಅವರ ಕೈಯಿಂದಲೇ ಬರೆಸತೊಡಗಿದ. ಅವನ ಅಂಕಪಟ್ಟಿಯನ್ನು ಎಷ್ಟು ಸಲ ತಿರುವಿ ನೋಡಿದರೂ ಅದರಲ್ಲಿ ಈ ಜಗುಲಿ ಕಾಣುವುದಿಲ್ಲ. ಟ್ರಸ್ಟಿನವರು ಕೇಳುತ್ತಿದ್ದುದು ಆ ಜಗುಲಿಯನ್ನು ಎಂದು ನನಗೆ ಅನ್ನಿಸಿತು.

ಆ ವರ್ಷ ಹೊಸದಾಗಿ ಸೇರಿದವರು 30ರ ಆಸುಪಾಸು. ಅವರಿಗಾಗಿ ನಲವತ್ತು ವಾಕ್ಯಗಳ ಪ್ರಶ್ನಾವಳಿಯೊಂದನ್ನು ಸಿದ್ಧಪಡಿಸಿದೆ. ಒಂದೊಂದು ವಾಕ್ಯದ ಮುಂದೆಯೂ ‘ಸಂಪೂರ್ಣ ಒಪ್ಪುತ್ತೇನೆ’ ಎಂಬಲ್ಲಿಂದ ‘ಒಪ್ಪುವುದೇ ಇಲ್ಲ’ ಎಂಬವರೆಗೆ ಐದು ಮನೆಗಳು. ರೆನ್ಸಿಸ್ ಲಿಕರ್ಟ್ 1932ರಲ್ಲಿ ಮನೋಭಾವಗಳನ್ನು ಅಳೆಯಲು ರೂಪಿಸಿದ ಈ ವಿಧಾನ ನಮ್ಮ ವಿಷಯದಲ್ಲಿ ಎಷ್ಟು ಬೇರೂರಿದೆಯೆಂದರೆ, ಬೇರೆ ದಾರಿಯಿದೆ ಎಂಬುದೇ ಆಗ ನನಗೆ ಹೊಳೆದಿರಲಿಲ್ಲ. ‘ನನ್ನಲ್ಲಿ ಆತ್ಮವಿಶ್ವಾಸವಿದೆ’, ‘ನನ್ನ ಅಭಿಪ್ರಾಯವನ್ನು ಮನೆಯಲ್ಲಿ ಹೇಳಬಲ್ಲೆ’ ಎಂಬಂಥ ವಾಕ್ಯಗಳು ಅವು. ಹಾಳೆಗಳನ್ನು ಹಂಚಿದೆ, ಅರ್ಧ ಗಂಟೆಯಲ್ಲಿ ತುಂಬಿ ಕೊಟ್ಟರು, ಮನೆಗೆ ತಂದು ಎಣಿಸಿ ನೋಡಿದರೆ ಬಹುತೇಕ ಎಲ್ಲರೂ ಬಹುತೇಕ ಎಲ್ಲವನ್ನೂ ಸಂಪೂರ್ಣ ಒಪ್ಪಿದ್ದರು.

ಅವರು ಸುಳ್ಳು ಹೇಳಿದರೆಂದು ನಾನು ಇಂದಿಗೂ ಭಾವಿಸುವುದಿಲ್ಲ. ಅನ್ನ ಇಟ್ಟವರ ಮುಂದೆ ಉಪ್ಪು ಕಡಿಮೆ ಎನ್ನದ ಸೀಮೆ ನಮ್ಮದು. ಹಾಳೆ ಕೊಟ್ಟವನು ಮೇಷ್ಟ್ರು, ಅಸೈನ್‌ಮೆಂಟಿಗೆ ಅಂಕ ಹಾಕುವವನೂ ಅವನೇ. ಅಂಥವನ ಕೈಗೆ ‘ಒಪ್ಪುವುದಿಲ್ಲ’ ಎಂದು ಬರೆದ ಹಾಳೆಯನ್ನು ಕೊಡುವುದು ಮರ್ಯಾದೆಯಲ್ಲ ಎಂಬ ಭಾವನೆ ಅವರಲ್ಲಿತ್ತು. ಇನ್ನೂ ಒಂದು ತಪ್ಪು ನನ್ನಿಂದ ಆಗಿತ್ತು. ಸ್ವಾಭಿಮಾನವನ್ನು ಅಳೆಯಲು 1965ರಿಂದ ಬಳಕೆಯಲ್ಲಿರುವ, ರೋಸೆನ್‌ಬರ್ಗ್ ಎಂಬುವರ ಹತ್ತು ವಾಕ್ಯಗಳನ್ನೂ ಕನ್ನಡಕ್ಕೆ ತಂದು ಅದರೊಳಗೆ ಸೇರಿಸಿದ್ದೆ. ಅದರಲ್ಲಿ ಕೆಲವೊಮ್ಮೆ ತಾನು ಪ್ರಯೋಜನಕ್ಕೆ ಬಾರದವಳು ಅನ್ನಿಸುತ್ತದೆ ಎಂಬರ್ಥದ ವಾಕ್ಯವೊಂದಿದೆ. ಅದನ್ನು ಓದಿದ ಮಳವಳ್ಳಿ ಕಡೆಯ ಹೆಣ್ಣುಮಗಳೊಬ್ಬರು ಪೆನ್ನು ಕೆಳಗಿಟ್ಟು ಬಹಳ ಹೊತ್ತು ಕಿಟಕಿಯ ಕಡೆ ನೋಡುತ್ತಾ ಕೂತರು. ಆ ಮಾತನ್ನು ಅವರು ಮನೆಯಲ್ಲಿ ಬೇರೆಯವರ ಬಾಯಿಂದ ಸಾಕಷ್ಟು ಸಲ ಕೇಳಿದ್ದರೆಂದು ತಿಳಿದದ್ದು ಆಮೇಲೆ. ಒಂದು ಭಾಷೆಯಲ್ಲಿ ಅಳತೆಯ ವಾಕ್ಯವಾಗಿದ್ದದ್ದು ಇನ್ನೊಂದು ಭಾಷೆಯಲ್ಲಿ, ಇನ್ನೊಂದು ಅಡುಗೆಮನೆಯಲ್ಲಿ ಬೈಗುಳವಾಗಿಬಿಡಬಹುದು. ಮುಂದಿನ ಹಾಳೆಯಿಂದ ಆ ಹತ್ತು ವಾಕ್ಯಗಳನ್ನು ತೆಗೆದುಹಾಕಿದೆ.

ಒಂದು ವರ್ಷದ ನಂತರ ಉಳಿದ ಮೂವತ್ತು ವಾಕ್ಯಗಳನ್ನು ಅದೇ ಗುಂಪಿಗೆ ಮತ್ತೆ ಕೊಟ್ಟೆ. ಈ ಬಾರಿ ಹಾಳೆಗಳನ್ನು ಹೆಸರಿಲ್ಲದೆ, ಗುರುತಿನ ಸಂಖ್ಯೆಯೊಂದಿಗೆ, ಮುಚ್ಚಿದ ಪೆಟ್ಟಿಗೆಯಲ್ಲಿ ಹಾಕಿಸಿಕೊಂಡೆ. ಅಂಕಗಳು ಏರಿರಬೇಕಿತ್ತು, ಇಳಿದಿದ್ದವು. ಹೆಸರಿಲ್ಲದ ಕಾರಣ ಧೈರ್ಯವಾಗಿ ಬರೆದಿರಬಹುದು ಎಂದುಕೊಂಡರೂ ಅಷ್ಟಕ್ಕೇ ಸಮಾಧಾನವಾಗಲಿಲ್ಲ. ತರಗತಿಯಲ್ಲೇ ವಿಷಯ ಎತ್ತಿದಾಗ ಟೈಲರಿಂಗ್ ಅಂಗಡಿ ನಡೆಸುವ ಒಬ್ಬರು ಎದ್ದು ನಿಂತು ಹೇಳಿದರು: “ಆಗ ನಂಗೇನು ಗೊತ್ತಿತ್ತು ಮೇಷ್ಟ್ರೇ, ಬ್ಯಾಂಕು ಅಂದ್ರೆ ಪಾಸ್‌ಬುಕ್ ಕೊಟ್ಟು ದುಡ್ಡು ಈಸ್ಕೊಂಡು ಬರೋದು ಅಂತ ತಿಳ್ಕಂಡಿದ್ದೆ. ಎಲ್ಲಾ ಬತ್ತದೆ ಅಂತ ಐದು ಹಾಕ್ದೆ. ಈಗ ಬಡ್ಡಿ ಲೆಕ್ಕ ಕೇಳ್ಬೇಕು ಅಂತ ಗೊತ್ತಾಗೈತೆ, ಕೇಳಕೆ ಇನ್ನೂ ಧೈರ್ಯ ಸಾಲ್ದು. ಅದಕ್ಕೇ ಮೂರು ಹಾಕಿದ್ದೀನಿ.” ಆಕೆ ಹೇಳಿದ್ದನ್ನು ಅಳತೆಯ ಶಾಸ್ತ್ರದಲ್ಲಿಯೂ ಗುರುತಿಸಿದ್ದಾರೆ. ಕಲಿಕೆ ಮನುಷ್ಯನನ್ನು ಮಾತ್ರವಲ್ಲ, ಅವನು ತನ್ನನ್ನು ಅಳೆದುಕೊಳ್ಳುವ ಕೋಲನ್ನೂ ಬದಲಾಯಿಸುತ್ತದೆ. ಹೂವನ್ನು ಮೊಳದಲ್ಲಿ ಅಳೆಯುವವಳ ಕೈಯೇ ಉದ್ದವಾದರೆ ಹಳೆಯ ಮಾಲೆಗೆ ಮೊಳಗಳು ಕಡಿಮೆ ಸಿಕ್ಕುತ್ತವೆ, ಹೂವು ಮಾತ್ರ ಅಷ್ಟೇ ಇರುತ್ತದೆ. ಇದಕ್ಕೆ ರೂಢಿಯಲ್ಲಿರುವ ಪರಿಹಾರವೆಂದರೆ, ಕೊನೆಯಲ್ಲಿ ಒಂದೇ ಸಲಕ್ಕೆ ‘ಸೇರುವಾಗ ಹೇಗಿದ್ದಿರಿ, ಈಗ ಹೇಗಿದ್ದೀರಿ’ ಎಂಬ ಎರಡನ್ನೂ ಕೇಳುವುದು. ಹಾಗೆ ಕೇಳಿದರೆ ಜನ ಹಿಂದಿನ ತಮ್ಮನ್ನು ಬೇಕಾದ್ದಕ್ಕಿಂತ ಕೆಳಗಿಳಿಸಿ, ಬದಲಾವಣೆಯನ್ನು ದೊಡ್ಡದು ಮಾಡಿ ತೋರಿಸುವ ಅಪಾಯವೂ ಇದೆ. ಹಾಗಾಗಿ ಅದನ್ನು ಇಟ್ಟುಕೊಂಡೆ, ಆದರೆ ಅದೊಂದನ್ನೇ ನಂಬಲಿಲ್ಲ.

ಭಾವನೆಯನ್ನು ಬಿಟ್ಟು ಮಾಡಿದ ಕೆಲಸವನ್ನು ಕೇಳಬೇಕು ಎಂಬ ತೀರ್ಮಾನಕ್ಕೆ ಬಂದದ್ದು ಹೀಗೆ. ಇದಕ್ಕೆ ಮಾದರಿ ನಮ್ಮ ದೇಶದಲ್ಲೇ ಇತ್ತು. 1992–93ರಲ್ಲಿ ಆರಂಭವಾದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು ಮದುವೆಯಾದ ಹೆಣ್ಣುಮಕ್ಕಳನ್ನು ‘ನೀವು ಸಬಲರೇ’ ಎಂದು ಕೇಳುವುದಿಲ್ಲ. ನಿಮ್ಮ ಆರೋಗ್ಯದ ವಿಚಾರದಲ್ಲಿ, ಮನೆಯ ದೊಡ್ಡ ಖರೀದಿಯಲ್ಲಿ, ತವರಿಗೆ ಅಥವಾ ನೆಂಟರ ಮನೆಗೆ ಹೋಗುವುದರಲ್ಲಿ ತೀರ್ಮಾನ ಯಾರದು, ಮಾರುಕಟ್ಟೆಗೆ, ಆಸ್ಪತ್ರೆಗೆ, ಊರಾಚೆಗೆ ಒಬ್ಬರೇ ಹೋಗಲು ಬಿಡುತ್ತಾರೆಯೇ ಎಂದು ಕೇಳುತ್ತದೆ. 2019–21ರ ಐದನೆಯ ಸುತ್ತಿನಲ್ಲಿಯೂ ಇವೇ ಪ್ರಶ್ನೆಗಳಿದ್ದವು. ನಾನು ಈ ದಾರಿಯನ್ನು ಹಿಡಿದೆ, ಪ್ರಶ್ನೆಗಳನ್ನು ಮಾತ್ರ ವಿದ್ಯಾರ್ಥಿಗಳಿಂದಲೇ ಆಯ್ದುಕೊಂಡೆ. ಮೂರು ಭಾನುವಾರ ಪಾಠ ಮುಗಿದ ಮೇಲೆ ಒಂದೊಂದು ಗಂಟೆ ಕೂತು, ‘ಓದಿದವರು ಮಾಡುವ, ಓದದವರು ಬೇರೆಯವರಿಂದ ಮಾಡಿಸಿಕೊಳ್ಳುವ ಕೆಲಸ ಯಾವುದು’ ಎಂದು ಕೇಳಿದೆ. ಹೊರಬಂದ ಕೆಲಸಗಳನ್ನು ನಾನೊಬ್ಬನೇ ಕೂತು ಯೋಚಿಸಿದ್ದರೆ ಕಾಣುತ್ತಿರಲಿಲ್ಲ: ಬ್ಯಾಂಕಿನ ಚಲನ್ ತುಂಬುವುದು, ಪಹಣಿಯಲ್ಲಿ ಯಾರ ಹೆಸರು ಯಾವ ಕಾಲಂನಲ್ಲಿದೆ ಎಂದು ಓದುವುದು, ತಾಲ್ಲೂಕು ಕಚೇರಿಯ ಕಿಟಕಿಯ ಮುಂದೆ ಒಬ್ಬರೇ ನಿಲ್ಲುವುದು, ಮಗಳ ಶಾಲೆಯ ಪೋಷಕರ ಸಭೆಯಲ್ಲಿ ಪ್ರಶ್ನೆ ಕೇಳುವುದು, ಗ್ರಾಮಸಭೆಯಲ್ಲಿ ಎದ್ದು ನಿಲ್ಲುವುದು, ಡಾಕ್ಟರು ಬರೆದ ಮಾತ್ರೆ ಯಾವುದಕ್ಕೆ ಎಂದು ವಿಚಾರಿಸುವುದು. ಪ್ರತಿಯೊಂದಕ್ಕೂ ‘ಕಳೆದ ತಿಂಗಳಲ್ಲಿ’ ಎಂಬ ಗಡಿಯನ್ನು ಹಾಕಿದೆ. ಒಂದು ತಿಂಗಳಿನ ಕೆಲಸ ನೆನಪಿನಲ್ಲಿರುತ್ತದೆ. ‘ಸಾಮಾನ್ಯವಾಗಿ’ ಎಂದು ಕೇಳಿದರೆ ಮನುಷ್ಯ ತಾನು ಆಗಬೇಕೆಂದುಕೊಂಡಿರುವ ಮನುಷ್ಯನನ್ನು ವರ್ಣಿಸುತ್ತಾನೆ.

ಈ ಹೊಸ ಹಾಳೆಯನ್ನು ಮೊದಲ ಬಾರಿ ತುಂಬಿಸಿದ್ದು 2023ರ ಮೇ ತಿಂಗಳಲ್ಲಿ, ಎರಡನೆಯ ಬಾರಿ ಅದೇ ವರ್ಷದ ಡಿಸೆಂಬರಿನಲ್ಲಿ. ಫಲಿತಾಂಶ ನೋಡಿ ನಾನು ಹಿಗ್ಗಿದೆ. ಒಬ್ಬರೇ ಓಡಾಡಿದ ಸಲಗಳು ಎದ್ದು ಕಾಣುವಷ್ಟು ಹೆಚ್ಚಿದ್ದವು, ತಮ್ಮ ಖಾತೆಯ ವ್ಯವಹಾರವನ್ನು ತಾವೇ ನೋಡಿಕೊಂಡವರೂ ಹೆಚ್ಚಿದ್ದರು. ಆ ಹಿಗ್ಗು ಒಂದು ರಾತ್ರಿಯೂ ಉಳಿಯಲಿಲ್ಲ. ಆ ಎರಡು ಹಾಳೆಗಳ ನಡುವೆ, ಜೂನ್ 11ರಂದು, ಶಕ್ತಿ ಯೋಜನೆ ಜಾರಿಗೆ ಬಂದು ರಾಜ್ಯದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸುಗಳಲ್ಲಿ ಉಚಿತ ಪ್ರಯಾಣ ದೊರೆತಿತ್ತು. ಆಗಸ್ಟ್ 30ರಂದು ಪಕ್ಕದ ಮೈಸೂರಿನಲ್ಲೇ ಗೃಹಲಕ್ಷ್ಮಿ ಯೋಜನೆಗೆ ಚಾಲನೆ ಸಿಕ್ಕಿ, ಮನೆಯ ಯಜಮಾನಿಯ ಖಾತೆಗೆ ತಿಂಗಳಿಗೆ 2,000 ರೂಪಾಯಿ ಬರತೊಡಗಿತ್ತು. ಕಾಲೇಜಿನ ಹೊಸಿಲನ್ನೇ ತುಳಿಯದವರೂ ಆ ವರ್ಷ ಹೆಚ್ಚು ಓಡಾಡಿದ್ದರು, ಬ್ಯಾಂಕಿಗೆ ಹೋಗಿದ್ದರು. ಬಸ್ಸಿನಿಂದ ಬಂದದ್ದು ಎಷ್ಟು, ಪುಸ್ತಕದಿಂದ ಬಂದದ್ದು ಎಷ್ಟು ಎಂದು ಬೇರ್ಪಡಿಸದೆ ಇಡೀ ಏರಿಕೆಯನ್ನು ನಮ್ಮ ತರಗತಿಯ ಲೆಕ್ಕಕ್ಕೆ ಬರೆದುಕೊಂಡರೆ ಅದು ಕದ್ದ ಮಾಲಿಗೆ ನಮ್ಮ ಮುದ್ರೆ ಒತ್ತಿದಂತೆಯೇ.

ಹೋಲಿಕೆಗೆ ಓದದ ಗುಂಪೊಂದು ಬೇಕಿತ್ತು. ಎಲ್ಲಿಂದಲೋ ಆರಿಸಿ ತಂದರೆ ಊರು, ಜಾತಿ, ಹಿಡುವಳಿ, ಗಂಡನ ಮನೆಯ ರೀತಿ ಎಲ್ಲವೂ ಬೇರೆಯಾಗುತ್ತದೆ. ದಾರಿ ತೋರಿಸಿದ್ದು ಪಾಂಡವಪುರದ ಕಡೆಯ ವಿದ್ಯಾರ್ಥಿನಿಯೊಬ್ಬರು. “ನಮ್ಮ ಓರಗಿತ್ತಿನ ಕೇಳಿ ಮೇಷ್ಟ್ರೇ, ಒಂದೇ ವರ್ಷ ಆ ಮನೆಗೆ ಬಂದೋರು ನಾವಿಬ್ರು” ಎಂದರು. ಅದಕ್ಕಿಂತ ಒಳ್ಳೆಯ ಹೋಲಿಕೆ ನನಗೆ ಯಾವ ಗ್ರಂಥಾಲಯದಲ್ಲೂ ಸಿಗುತ್ತಿರಲಿಲ್ಲ. ಒಂದೇ ಅಡುಗೆಮನೆ, ಒಬ್ಬರೇ ಅತ್ತೆ, ಒಂದೇ ಬಸ್ ನಿಲ್ದಾಣ, ಒಬ್ಬರು ಓದಿದವರು, ಇನ್ನೊಬ್ಬರು ಓದದವರು. ಓರಗಿತ್ತಿಯಿಲ್ಲದ ಕಡೆ ನಾದಿನಿ ಅಥವಾ ಅಕ್ಕತಂಗಿಯನ್ನು ಕೇಳಿದೆವು. ಇದೂ ಪೂರ್ಣವಲ್ಲ, ಇಬ್ಬರಲ್ಲಿ ಓದಲು ಹೊರಟವಳು ಮೊದಲಿನಿಂದಲೇ ಸ್ವಲ್ಪ ಗಟ್ಟಿಗಿತ್ತಿ ಆಗಿರಬಹುದು, ಓದಿದವಳಿಂದ ಓದದವಳಿಗೂ ಕಲಿಕೆ ಹರಿದಿರಬಹುದು. ಆದರೂ ಒಂದು ವಿಷಯ ತಿಳಿಯಾಯಿತು. ಓಡಾಟದಲ್ಲಿ ಓರಗಿತ್ತಿಯರ ನಡುವೆ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ. ಆ ಏರಿಕೆ ಬಹುಪಾಲು ಬಸ್ಸಿನದೇ. ವ್ಯತ್ಯಾಸ ಕಂಡದ್ದು ಹೋದ ಜಾಗದಲ್ಲಿ ಏನು ಮಾಡಿದರು ಎಂಬುದರಲ್ಲಿ. ಇಬ್ಬರೂ ಆಸ್ಪತ್ರೆಗೆ ಹೋಗಿದ್ದರು, ಮಾತ್ರೆ ಯಾವುದಕ್ಕೆ ಎಂದು ಕೇಳಿದವರಲ್ಲಿ ಓದುತ್ತಿದ್ದವರೇ ಹೆಚ್ಚು. ಇಬ್ಬರೂ ಶಾಲೆಗೆ ಹೋಗಿದ್ದರು, ಸಭೆಯಲ್ಲಿ ಬಾಯಿ ತೆರೆದವರಲ್ಲಿಯೂ ಹಾಗೆಯೇ. ಇಷ್ಟು ಸಣ್ಣ ಗುಂಪಿನ ಮೇಲೆ ದೊಡ್ಡ ಮಾತು ಕಟ್ಟಲಾಗದು ಎಂಬುದನ್ನು ಮರೆಯದೆಯೇ ಹೇಳುತ್ತೇನೆ, ಮೂರು ವರ್ಷಗಳ ಈ ಕೆಲಸದಲ್ಲಿ ನನಗೆ ಅತ್ಯಂತ ನಂಬಿಕೆಯಿರುವ ಫಲಿತಾಂಶ ಇದೇ.

ಮನೆಗಳಿಗೆ ಹೋಗಿ ಕೇಳುವ ಕೆಲಸವನ್ನು ನಾನು ಮಾಡಲಿಲ್ಲ. ಹಿಂದೆ ನಮ್ಮಲ್ಲೇ ಓದಿ ಮುಗಿಸಿದ ಅಂಗನವಾಡಿ ಕಾರ್ಯಕರ್ತೆಯೊಬ್ಬರು ಮಾಡಿದರು. ನಾನು ಹೋದರೆ ಕುರ್ಚಿ ಹಾಕಿ, ಕಾಫಿ ಕೊಟ್ಟು, ಗಂಡಸರು ಉತ್ತರ ಹೇಳುತ್ತಿದ್ದರು. ಆಕೆ ಹೋದರೆ ಹಿತ್ತಲಲ್ಲಿ ಸೊಪ್ಪು ಬಿಡಿಸುತ್ತಾ ಮಾತು ನಡೆಯುತ್ತಿತ್ತು. ಗಂಡ ಪಕ್ಕದಲ್ಲಿ ಕೂತಾಗ ಬಂದ ಉತ್ತರಗಳನ್ನು ಬೇರೆಯಾಗಿ ಗುರುತು ಹಾಕಿ ಲೆಕ್ಕದಿಂದ ಹೊರಗಿಟ್ಟೆವು. ಮನೆಯ ಇತರರನ್ನೂ ಕೇಳಬೇಕೆಂದು ಹಟ ಹಿಡಿದವರು ಆಕೆಯೇ, ಅದರಿಂದ ದೊರೆತ ಮಾತುಗಳು ಯಾವ ಅಂಕಕ್ಕೂ ಕಡಿಮೆಯಲ್ಲ. ಒಬ್ಬ ಅತ್ತೆ ಹೇಳಿದ್ದನ್ನು ಆಕೆ ಹಾಗೆಯೇ ಬರೆದುಕೊಂಡು ಬಂದಿದ್ದರು: “ಮೊದ್ಲು ಔಳು ಮಾತಾಡ್ತಾನೇ ಇರ್ನಿಲ್ಲ. ಈಗ ಮಾತಾಡ್ತಳೆ. ಒಂದೊಂದ್ ಸಲ ನಂಗೆ ಸರಿ ಕಾಣಕಿಲ್ಲ. ಆದ್ರೆ ದೊಡ್ಡಾಸ್ಪತ್ರೇಲಿ ನನ್ನ ಪರವಾಗಿ ಡಾಕ್ಟ್ರ ತಾವ ಔಳೇ ಮಾತಾಡಿದ್ದು.”

ಎಣಿಕೆಗೆ ಸಿಗದೆ ಉಳಿದದ್ದಕ್ಕೆ ಕತೆಗಳನ್ನು ಕೇಳಿದೆವು. ರಿಕ್ ಡೇವಿಸ್ ಎಂಬುವರು 1990ರ ದಶಕದ ಮಧ್ಯದಲ್ಲಿ ಬಾಂಗ್ಲಾದೇಶದ ಗ್ರಾಮಾಭಿವೃದ್ಧಿ ಕಾರ್ಯಕ್ರಮವೊಂದಕ್ಕೆ ರೂಪಿಸಿದ ವಿಧಾನ ಇದಕ್ಕೆ ಸಹಾಯವಾಯಿತು: ‘ನಿಮ್ಮ ಬದುಕಿನಲ್ಲಿ ಆದ ಅತಿ ಮುಖ್ಯ ಬದಲಾವಣೆ ಯಾವುದು, ಅದು ಏಕೆ ಮುಖ್ಯ’ ಎಂದು ಪ್ರತಿಯೊಬ್ಬರನ್ನೂ ಕೇಳುವುದು, ಆಮೇಲೆ ಗುಂಪಾಗಿ ಕೂತು ಬಂದ ಕತೆಗಳಲ್ಲಿ ಒಂದನ್ನು ಆರಿಸಿ, ಆರಿಸಿದ ಕಾರಣವನ್ನು ಬರೆದಿಡುವುದು. ನನ್ನನ್ನು ಕೇಳಿದ್ದರೆ, ಪದವಿಯ ಬಲದಿಂದ ಗಾರ್ಮೆಂಟ್ಸಿನ ಹೊಲಿಗೆ ಸಾಲಿನಿಂದ ಕಚೇರಿಯ ಮೇಜಿಗೆ ಹೋದವರ ಕತೆಯನ್ನು ಆರಿಸುತ್ತಿದ್ದೆ. ವಿದ್ಯಾರ್ಥಿಗಳು ಆರಿಸಿದ್ದು ಬೇರೆ. ನಾಗಮಂಗಲದ ಕಡೆಯ ಒಬ್ಬರು ದಿನವೂ ಡೈರಿಗೆ ಹಾಲು ಹಾಕುವವರು. ಚೀಟಿಯಲ್ಲಿ ಬರುವ ಫ್ಯಾಟ್ (ಕೊಬ್ಬಿನಂಶ), ಎಸ್‌ಎನ್‌ಎಫ್ (ಕೊಬ್ಬಲ್ಲದ ಘನಾಂಶ) ಎಂಬ ಅಂಕಿಗಳಿಂದ ಲೀಟರಿನ ದರ ಹೇಗೆ ಕಟ್ಟುತ್ತಾರೆಂದು ಕೇಳಿ ತಿಳಿದುಕೊಂಡು, ಆ ದರಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಗೋಡೆಗೆ ಅಂಟಿಸಲು ಕೇಳಿ, ಅಂಟಿಸಿದ ಮೇಲೆ ಒಂದು ವಾರ ಬೆಳಗ್ಗೆ ಅಲ್ಲೇ ನಿಂತು ಬಂದವರಿಗೆಲ್ಲ ಓದಿ ಹೇಳಿದ್ದರು. ಅವರಿಗೆ ಅದರಿಂದ ಬಂದ ಹೆಚ್ಚುವರಿ ದುಡ್ಡು ಏನೂ ಇಲ್ಲ. ಆರಿಸಿದ ಕಾರಣವೆಂದು ಗುಂಪು ಬರೆಸಿದ್ದು ಇಷ್ಟು: “ಆಕೆ ಕೇಳಿದ್ದು ತನಗೊಬ್ಬಳಿಗಲ್ಲ.” ಅದನ್ನು ಬರೆದುಕೊಳ್ಳುವಾಗ ನನಗೆ ನಮ್ಮಣ್ಣನ ಜಗುಲಿ ಕಣ್ಣ ಮುಂದೆ ಬಂತು. ಅಲ್ಲಿಯವರೆಗೆ ನನ್ನ ಹಾಳೆಯಲ್ಲಿ ಬೇರೆಯವರಿಗಾಗಿ ಮಾಡಿದ ಕೆಲಸದ ಪ್ರಶ್ನೆ ಒಂದೂ ಇರಲಿಲ್ಲ. ಅಣ್ಣನನ್ನು ನೆನೆದು ಕೆಲಸ ಒಪ್ಪಿಕೊಂಡವನು ಆ ಪ್ರಶ್ನೆಯನ್ನೇ ಬಿಟ್ಟಿದ್ದೆ.

ಇದಕ್ಕಿಂತ ದೊಡ್ಡ ಲೋಪ ಇನ್ನೊಂದಿತ್ತು, ಅದನ್ನು ಎತ್ತಿ ತೋರಿಸಿದ್ದು ಕೂಡ ಆ ಅಂಗನವಾಡಿ ಕಾರ್ಯಕರ್ತೆಯೇ. ನಾವು ಅಳೆಯುತ್ತಿದ್ದುದು ಉಳಿದವರನ್ನು ಮಾತ್ರ. ಮಧ್ಯದಲ್ಲಿ ಬಿಟ್ಟವರು ಹಾಜರಿ ಪುಸ್ತಕದಿಂದ ಹೋದಂತೆ ನಮ್ಮ ಅಧ್ಯಯನದಿಂದಲೂ ಹೋಗಿದ್ದರು. ಓದು ಯಾರಿಗೆ ಒಗ್ಗಿತೋ ಅವರನ್ನೇ ಕೇಳಿ ಓದು ಒಳ್ಳೆಯದೆಂದು ಬರೆಯುವುದು ನ್ಯಾಯವಲ್ಲ. ಬಿಟ್ಟವರ ವಿಳಾಸಗಳನ್ನು ಹುಡುಕಿ ಊರೂರಿಗೆ ಹೋದೆವು. ಒಬ್ಬರು ಎರಡನೆಯ ವರ್ಷಕ್ಕೆ ಬಿಟ್ಟವರು, ಕೈಯಲ್ಲಿ ಯಾವ ಪ್ರಮಾಣಪತ್ರವೂ ಇಲ್ಲ, ವಿಶ್ವವಿದ್ಯಾನಿಲಯದ ಲೆಕ್ಕದಲ್ಲಿ ಸೊನ್ನೆ. ಆದರೆ ಅಷ್ಟರೊಳಗೆ ಕಲಿತದ್ದನ್ನು ಹಿಡಿದು ತಮ್ಮ ಸ್ವಸಹಾಯ ಸಂಘದ ನಡಾವಳಿ ಪುಸ್ತಕವನ್ನು ತಾವೇ ಬರೆಯುತ್ತಿದ್ದರು. ಇನ್ನೊಬ್ಬರು ಬಾಗಿಲಿಗೆ ಬರಲೇ ಇಲ್ಲ. ಆತ ಕಂಡಕ್ಟರ್, ಎರಡು ಸಲ ಒಂದೇ ವಿಷಯದಲ್ಲಿ ಫೇಲಾಗಿ, ಡಿಪೋದಲ್ಲಿ ಜೊತೆಯವರು ಆಡಿಕೊಂಡದ್ದನ್ನು ಸಹಿಸಲಾರದೆ ಬಿಟ್ಟಿದ್ದರು. ಮಗನ ಕೈಯಲ್ಲಿ ‘ಅಪ್ಪ ಇಲ್ಲ’ ಎಂದು ಹೇಳಿಸಿದರು, ಕಿಟಕಿಯ ಹಿಂದೆ ನೆರಳು ಕಾಣುತ್ತಿತ್ತು. ಆ ಮನೆಯ ಮುಂದೆ ನಿಂತಾಗ, ಕಾಲೇಜು ತಂದ ಬದಲಾವಣೆ ಎಂಬ ಮಾತಿನೊಳಗೆ ಇದೂ ಸೇರಬೇಕೆಂದು ನನಗೆ ಖಚಿತವಾಯಿತು. ಮೊದಲು ತನ್ನ ಬಗ್ಗೆ ಇಲ್ಲದ ಸೋಲಿನ ಭಾವನೆಯೊಂದನ್ನು ನಾವೇ ಆತನ ಕೈಗಿಟ್ಟು ಕಳಿಸಿದ್ದೆವು.

ಉಳಿದವರಲ್ಲಿಯೂ ಕಳೆದುಕೊಂಡದ್ದರ ಲೆಕ್ಕವಿತ್ತು. ಪರೀಕ್ಷಾ ಶುಲ್ಕಕ್ಕೆ ಕುರಿ ಮಾರಿದವರು, ನಾಲ್ಕು ಗಂಟೆ ನಿದ್ದೆಯಲ್ಲಿ ಮೂರು ವರ್ಷ ಕಳೆದವರು, ಗಂಡ ತಿಂಗಳುಗಟ್ಟಲೆ ಮಾತು ಬಿಟ್ಟಿದ್ದನ್ನು ತಡೆದುಕೊಂಡವರು. ಕಾಲೇಜಿಗೆ ಮರಳಿದ ಅಮೆರಿಕದ ಹೆಂಗಸರನ್ನು ಅಧ್ಯಯನ ಮಾಡಿ 1978ರಲ್ಲಿ ವರದಿ ಪ್ರಕಟಿಸಿದ ಜ್ಯಾಕ್ ಮೆಜಿರೋ ಎಂಬ ವಿದ್ವಾಂಸರು, ವಯಸ್ಕರ ಕಲಿಕೆಯ ಆಳದ ಬದಲಾವಣೆಯನ್ನು ಹತ್ತು ಹಂತಗಳಲ್ಲಿ ವಿವರಿಸುತ್ತಾ, ಅದರ ಮೊದಲ ಹಂತವೇ ದಿಕ್ಕು ತಪ್ಪಿಸುವ ಇಕ್ಕಟ್ಟು ಎಂದಿದ್ದರು. ಕೆ.ಆರ್.ಪೇಟೆಯ ಕಡೆಯ ಒಬ್ಬರು ಅದನ್ನೇ, “ಮೊದ್ಲು ಮನೆ ನಂದು ಅನ್ನಿಸ್ತಿತ್ತು, ಈಗ ಅಲ್ಲೂ ಇಲ್ಲ, ಇಲ್ಲೂ ಇಲ್ಲ” ಎಂದು ಹೇಳಿದ್ದರು. ಇಂಥ ಸಂಕಟವನ್ನು ನಾನು ಮೊದಲು ಅಡ್ಡಪರಿಣಾಮವೆಂದು ಬೇರೆ ಹಾಳೆಯಲ್ಲಿ ಬರೆದಿಡುತ್ತಿದ್ದೆ. ಈಗ ಮಾಡಿದ ಕೆಲಸಗಳ ಪಕ್ಕದ ಕಾಲಂನಲ್ಲೇ ‘ಇದಕ್ಕಾಗಿ ಏನು ಬಿಟ್ಟಿರಿ’ ಎಂದು ಕೇಳುತ್ತೇನೆ. ಎರಡೂ ಒಂದೇ ಸಾಲಿನಲ್ಲಿ ಕಾಣದಿದ್ದರೆ ಓದುವವರಿಗೆ ಅರ್ಧ ಸತ್ಯ ಹೋಗುತ್ತದೆ.

ಟ್ರಸ್ಟಿನವರಿಗೆ ವರದಿ ಒಪ್ಪಿಸಿದಾಗ ಅವರು ಒಂದೇ ಸಂಖ್ಯೆಯಲ್ಲಿ ಹೇಳಲು ಸಾಧ್ಯವೇ ಎಂದು ಕೇಳಿದರು. ಸಾಧ್ಯವಿಲ್ಲ ಎಂದೆ, ಏಕೆಂದು ವಿವರಿಸಲು ಒಂದು ಮಧ್ಯಾಹ್ನ ಬೇಕಾಯಿತು. ಮಾತ್ರೆಯ ಬಗ್ಗೆ ಕೇಳಿದ್ದನ್ನೂ ಗಂಡ ಮಾತು ಬಿಟ್ಟದ್ದನ್ನೂ ಕೂಡಿಸಿ ಸರಾಸರಿ ತೆಗೆದರೆ ಬರುವ ಅಂಕಿ ಯಾರ ಬದುಕನ್ನೂ ಹೇಳುವುದಿಲ್ಲ. ಅವರು ಕೊನೆಗೂ ಪೂರ್ತಿ ಒಪ್ಪಿದರೆಂದು ಹೇಳಲಾರೆ. ಆದರೆ ಬಿಟ್ಟುಹೋದವರು ಮತ್ತೆ ಸೇರಬಯಸಿದರೆ ಅವರ ಶುಲ್ಕವನ್ನೂ ಕಟ್ಟುವುದಾಗಿ ಮಾತು ಕೊಟ್ಟರು, ಕೊಟ್ಟಂತೆ ನಡೆದುಕೊಂಡಿದ್ದಾರೆ. ಕಂಡಕ್ಟರಿಗೆ ಈ ಸುದ್ದಿ ತಿಳಿಸಿ ಎರಡು ಪತ್ರ ಬರೆದಿದ್ದೇನೆ, ಉತ್ತರ ಬಂದಿಲ್ಲ.

ಈಗ ಹೊಸದಾಗಿ ಸೇರುವವರು ದಾಖಲಾತಿಯ ದಿನವೇ ಹಾಳೆ ತುಂಬುತ್ತಾರೆ. ನಾನು ಕೊಠಡಿಯಲ್ಲಿ ಇರುವುದಿಲ್ಲ. ತುಂಬಿದ್ದನ್ನು ಲಕೋಟೆಗೆ ಹಾಕಿ, ಅಂಟಿಸಿ, ಮೇಲೆ ಗುರುತಿನ ಸಂಖ್ಯೆ ಬರೆದು ಬೀರುವಿನಲ್ಲಿಡುತ್ತಾರೆ. ಕಳೆದ ಸಾಲಿನಲ್ಲಿ ಮದ್ದೂರಿನ ಕಡೆಯಿಂದ ಬಂದ ಒಬ್ಬರು ಲಕೋಟೆ ಅಂಟಿಸುವುದನ್ನು ಮರೆತು ಹಾಳೆಯನ್ನು ಮೇಜಿನ ಮೇಲೆಯೇ ಬಿಟ್ಟು ಹೋಗಿದ್ದರು, ಎತ್ತಿಡುವಾಗ ಒಂದು ಸಾಲು ಕಣ್ಣಿಗೆ ಬಿತ್ತು. ‘ಕಳೆದ ತಿಂಗಳಲ್ಲಿ ನೀವು ಒಬ್ಬರೇ ಹೋಗಿದ್ದ ಅತಿ ದೂರದ ಜಾಗ ಯಾವುದು’ ಎಂಬ ಪ್ರಶ್ನೆಯ ಮುಂದೆ ಆಕೆ ‘ಇಲ್ಲಿಗೆ’ ಎಂದು ಬರೆದಿದ್ದರು. ಹಾಳೆಯನ್ನು ಮಡಿಸಿ ಲಕೋಟೆಗೆ ಹಾಕಿ ಅಂಟಿಸಿದೆ. ಅದನ್ನು ತೆರೆಯುವುದು ಮೂರು ವರ್ಷ ಕಳೆದ ಮೇಲೆ, ಆಕೆ ಉಳಿದಿದ್ದರೂ ಸರಿ, ಬಿಟ್ಟಿದ್ದರೂ ಸರಿ.